ಅಕ್ಕು ಸಾಲಿಯಾನ್ ಹಿಂತೆಗೆದುಕೊಂಡ ವರದಿ

ಅಕ್ಕು ಸಾಲಿಯಾನ್ ಅವರನ್ನು ನಾನು ಮೊದಲು ನೋಡಿದ್ದು 2007ರ ಜೂನ್ ಹನ್ನೊಂದು, ಸೋಮವಾರ ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ. ಹೊತ್ತು ಇಷ್ಟು ಕರಾರುವಾಕ್ಕಾಗಿ ನೆನಪಿರುವುದಕ್ಕೆ ಅವರೇ ಕಾರಣ. ನನ್ನ ಕಡೆ ತಿರುಗಿ ಅವರು ಆಡಿದ ಮೊದಲ ಮಾತು, “ಒಂಬತ್ತಕ್ಕೆ ಅಂತ ಬರೆದಿತ್ತು. ಈಗ ಒಂಬತ್ತು ಹತ್ತು.”

ಮುಂಬಯಿಯ ಹೊರವಲಯದ ಟಿಟ್ವಾಳಾದಲ್ಲಿದ್ದ ಸೋದರಮಾವನ ಮನೆಯಿಂದ ನಾನು ಆರೂವರೆಗೇ ಹೊರಟಿದ್ದೆ. ಠಾಣೆಯವರೆಗೆ ಒಂಟಿ ಕಾಲಿನಲ್ಲಿ ನಿಂತು ಬಂದು, ಅಲ್ಲಿ ವಾಶಿ ಲೈನಿನ ಗಾಡಿ ಹಿಡಿದು ರಬಾಳೆಯಲ್ಲಿ ಇಳಿದಿದ್ದೆ. ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಚೀಲದೊಳಗೆ ಒಂದನೆಯ ತರಗತಿಯಿಂದ ಎಂ.ಎಸ್ಸಿ.ವರೆಗಿನ ಅಂಕಪಟ್ಟಿಗಳು. ನನ್ನನ್ನು ಕೆಲಸಕ್ಕೆ ಕರೆದಿದ್ದ ನೀರು ಪರೀಕ್ಷೆಯ ಲ್ಯಾಬ್ ಇದ್ದದ್ದು ರಟ್ಟಿನ ಪೆಟ್ಟಿಗೆ ಮಾಡುವ ಕಾರ್ಖಾನೆಯ ಮೇಲಿನ ಮಹಡಿಯಲ್ಲಿ. ಮೆಟ್ಟಿಲು ಮುಗಿಯುವಲ್ಲಿ ಗಾಜಿನ ಬಾಗಿಲು, ಬಾಗಿಲಿಗೆ ಅಡ್ಡವಾಗಿ ಅವರು. ಮೂವತ್ತೈದರ ಆಸುಪಾಸಿನ ಕುಳ್ಳಗಿನ ಹೆಂಗಸು. ತಲೆಗೆ ಬಟ್ಟೆಯ ಟೋಪಿ, ಬಿಳಿ ಕೋಟಿನ ತೋಳು ಮೊಣಕೈವರೆಗೆ ಮಡಚಿತ್ತು. ಬಳೆಯಿಲ್ಲ, ವಾಚಿಲ್ಲ, ಹಣೆಯಲ್ಲಿ ಬೊಟ್ಟಿಲ್ಲ, ಉಗುರುಗಳನ್ನು ಮಾಂಸಕ್ಕೆ ತಾಗುವಷ್ಟು ಕತ್ತರಿಸಿದ್ದರು. ಎಡಗೈಯ ಎರಡು ಬೆರಳುಗಳ ಚರ್ಮ ಆಮ್ಲ ತಾಗಿ ಹಳದಿಗಟ್ಟಿತ್ತು.

ಅಂಕಪಟ್ಟಿ ಹೊರತೆಗೆಯಲು ಹೋದೆ. ಅದರ ಕಡೆ ಅವರು ನೋಡಲಿಲ್ಲ. ಬೆರಳಿನ ಬೆಳ್ಳಿ ಉಂಗುರ ತೆಗೆಸಿದರು. ಸಣ್ಣದೊಂದು ಬಾಟಲಿ ಕೊಟ್ಟು, “ಆ ನಲ್ಲಿಯಿಂದ ಒಂದು ಸ್ಯಾಂಪಲ್ ತೆಗೆ,” ಎಂದರು. ನಾನು ಬಾಟಲಿಯನ್ನು ಒಮ್ಮೆ ಜಾಲಿಸಿ, ತುಂಬಿಸಿ, ಬಾಯಿಗೆ ಹೆಬ್ಬೆರಳು ಒತ್ತಿ ಹಿಡಿದು ಮುಚ್ಚಳ ಹುಡುಕಿದೆ. ಅವರು ಬಾಟಲಿ ಕಿತ್ತುಕೊಂಡು ಸಿಂಕಿಗೆ ಸುರಿದರು.

“ಎಂತ ಕಲಿತದ್ದು?”

“ಎಂ.ಎಸ್ಸಿ. ರೀ ಮೇಡಂ, ಜಿಯೋಕೆಮಿಸ್ಟ್ರಿ. ಫಸ್ಟ್ ಕ್ಲಾಸ್.”

“ಎಲ್ಲಿ?”

“ಧಾರವಾಡ ರೀ.”

“ಎರಡು ವರ್ಷ ಕೂರಿಸಿಕೊಂಡು ಒಂದು ಬಾಟಲಿ ತುಂಬಿಸ್ಲಿಕ್ಕೆ ಕಲಿಸ್ಲಿಲ್ವಾ ಧಾರವಾಡದವರು? ಇದರಲ್ಲಿ ಇದ್ದದ್ದು ನೀರಲ್ಲ ಮಾರಾಯ, ನಿನ್ನ ಹೆಬ್ಬೆರಳು. ಆ ಹೆಬ್ಬೆರಳು ಬೆಳಿಗ್ಗೆಯಿಂದ ಲೋಕಲ್‌ನ ಹಿಡಿಕೆಗೆ ಜೋತು ಬಿದ್ದು ಬಂದದ್ದು. ಇದನ್ನು ಮಷಿನ್‌ಗೆ ಕೊಟ್ಟರೆ ಕಲ್ಯಾಣದಿಂದ ಠಾಣೆವರೆಗಿನ ಜನರ ಬೆವರು ಬರ್ತದೆ.”

ಅಲ್ಲಿದ್ದ ಇಬ್ಬರು ಹುಡುಗಿಯರು ನಕ್ಕರು. ಆ ದಿನ ಮಧ್ಯಾಹ್ನದವರೆಗೆ ನಾನು ನಲವತ್ತು ಬಾಟಲಿ ತುಂಬಿಸಿದೆ, ಅವರು ನಲವತ್ತನ್ನೂ ಚೆಲ್ಲಿದರು. ಸಂಜೆಯ ಹೊತ್ತಿಗೆ ನನ್ನ ಹೆಸರು ‘ಧಾರವಾಡ’ ಎಂದಾಗಿತ್ತು. ನನ್ನ ಊರು ವಿಜಾಪುರ ಜಿಲ್ಲೆ ಇಂಡಿ ತಾಲೂಕಿನದು, ಹೆಸರು ಮಾಪಣ್ಣ ಎಂದು ಎರಡು ಸಲ ಹೇಳಿ ನೋಡಿದೆ. “ಹೆಸರು ಉಳಿಯುವ ಕೆಲಸ ಮಾಡು, ಆಮೇಲೆ ಕರೀತೇನೆ,” ಎಂದರು. ಈ ಹೆಂಗಸು ನನಗೆ ಹಿಡಿಸಲಿಲ್ಲ. ಇದನ್ನು ಬರೆಯುವ ಹೊತ್ತಿಗೆ ಒಂಬತ್ತು ವರ್ಷ ಕಳೆದಿದೆ, ಆ ಅಭಿಪ್ರಾಯ ಬದಲಿಸುವಂಥದ್ದೇನನ್ನೂ ಅವರು ಮಾಡಿಲ್ಲ.

ಆದರೂ ಅವರ ಬಗ್ಗೆ ಬರೆಯಲು ಕೂತಿದ್ದೇನೆ. ನಮ್ಮ ಕಡೆಯ ಹುಡುಗರು, ಅವರ ತಂದೆತಾಯಿ, ಡೊಂಬಿವಲಿಯ ಕನ್ನಡ ಸಂಘದಲ್ಲಿ ಸಿಕ್ಕವರು ನನ್ನನ್ನು ಕೇಳುತ್ತಿರುತ್ತಾರೆ: ಭೂರಸಾಯನಶಾಸ್ತ್ರ ಅಂದರೇನು, ಓದಿದರೆ ಏನಾಗಬಹುದು? ಮೊದಲನೆಯದಕ್ಕೆ ಉತ್ತರ ಸುಲಭ. ಕಲ್ಲಿನಲ್ಲಿ, ಮಣ್ಣಿನಲ್ಲಿ, ನೀರಿನಲ್ಲಿ ಏನೇನಿದೆ, ಅದು ಎಲ್ಲಿಂದ ಬಂತು, ಎಲ್ಲಿಗೆ ಹೋಗುತ್ತದೆ ಎಂದು ಲೆಕ್ಕ ಹಿಡಿಯುವ ವಿದ್ಯೆ ಅದು. ಎರಡನೆಯದಕ್ಕೆ ನನ್ನಲ್ಲಿರುವ ಉತ್ತರ ಅಕ್ಕು ಸಾಲಿಯಾನ್.

ಅವರ ತಂದೆ ಠಾಣೆಯ ನೌಪಾಡಾದ ಒಂದು ಉಡುಪಿ ಹೋಟೆಲಿನಲ್ಲಿ ಹಿಟ್ಟು ರುಬ್ಬುವುದರಿಂದ ಶುರುಮಾಡಿ ಕಾಫಿ ಕೌಂಟರಿಗೆ ಬಂದವರು. ಅಕ್ಕು ಎಂಬುದು ಅಜ್ಜಿಯ ಹೆಸರು. ಠಾಣೆಯ ಶಾಲೆಯಲ್ಲಿ ಜೊತೆಯ ಮಕ್ಕಳೆಲ್ಲ ಇಂಪಾದ ಹೆಸರಿನವರು, ಇವರೊಬ್ಬರೇ ಅಕ್ಕು. ಹೆಸರಿಗಾಗಿ ನಕ್ಕವರನ್ನು ಹೊಡೆಯುವ ಅಭ್ಯಾಸ ಆಗಲೇ ಆಯಿತಂತೆ. ಬಿ.ಎಸ್ಸಿ. ಮುಗಿದ ಮೇಲೆ ಮುಂಬಯಿಯಲ್ಲಿ ಭೂರಸಾಯನಶಾಸ್ತ್ರದ ಎಂ.ಎಸ್ಸಿ.ಗೆ ಸೇರಿದರು. ತಂದೆಯ ಹೋಟೆಲಿಗೆ ಬರುತ್ತಿದ್ದ ಗಿರಾಕಿಯೊಬ್ಬ, “ಕಲ್ಲಿನ ಡಾಕ್ಟರಾ? ಕಲ್ಲಿಗೆ ಎಂತ ಜ್ವರ ಬರ್ತದಾ?” ಎಂದು ಕೇಳಿದ್ದನಂತೆ. ತಂದೆ ನಗುತ್ತ ಕಾಫಿ ಕೊಟ್ಟರು. ಮಗಳು ಆ ಗಿರಾಕಿಯ ಮುಖವನ್ನು ಇವತ್ತಿಗೂ ಮರೆತಿಲ್ಲ. ಇದನ್ನು ನನಗೆ ಹೇಳಿದ್ದು ಅಕ್ಕು ಅಲ್ಲ, ಲ್ಯಾಬಿನ ಮಾಲೀಕ ದಯಾನಂದ. ಅವರು ಅದೇ ಹೋಟೆಲಿನ ಯಜಮಾನರ ಕಡೆಯ ಸಂಬಂಧಿ.

1996ರಲ್ಲಿ ಅಕ್ಕು ಓದು ಮುಗಿಸಿದಾಗ ತರಗತಿಯಲ್ಲಿ ಹನ್ನೊಂದು ಜನ, ಅವರಲ್ಲಿ ಮೂವರು ಹೆಂಗಸರು. ಸಮುದ್ರದಲ್ಲಿ ತೈಲಬಾವಿ ಕೊರೆಯುವಾಗ ಮೇಲೆ ಬರುವ ಕೆಸರನ್ನು ಪರೀಕ್ಷಿಸುವ ಕಂಪನಿಯೊಂದು ಕಾಲೇಜಿಗೇ ಬಂದು ಆರು ಹುಡುಗರನ್ನು ಆರಿಸಿತು. ಅಕ್ಕು ಪರೀಕ್ಷೆಯಲ್ಲಿ ಎರಡನೆಯವರು. ಕಂಪನಿಯ ಮನುಷ್ಯ, ಕೊರೆಯುವ ಕಟ್ಟೆಯ ಮೇಲೆ ಹೆಂಗಸರಿಗೆ ಕಕ್ಕಸಿಲ್ಲ ಎಂದ. ಚಿನ್ನದ ಅದಿರು ಹುಡುಕುವ ಇನ್ನೊಂದು ಕಂಪನಿ, ಕ್ಯಾಂಪು ಕಾಡಿನಲ್ಲಿರುತ್ತದೆ, ಮದುವೆಯಾದ ಮೇಲೆ ಗಂಡ ಒಪ್ಪುತ್ತಾನೆಯೇ ಎಂದು ಕೇಳಿತು. ಉಳಿದ ಹುಡುಗರಲ್ಲಿ ಒಬ್ಬ ಸಿಮೆಂಟ್ ಕಾರ್ಖಾನೆಗೆ ಹೋದ, ಒಬ್ಬ ಬ್ಯಾಂಕಿಗೆ. ಜೊತೆಯ ಹುಡುಗಿಯರಲ್ಲಿ ಒಬ್ಬಳು ಶಾಲೆಯ ಟೀಚರ್ ಆದಳು, ಇನ್ನೊಬ್ಬಳದು ಮದುವೆಯಾಯಿತು. ಅಕ್ಕು ಕಲ್ಯಾಣದ ಒಂದು ಕೋಚಿಂಗ್ ಕ್ಲಾಸಿನಲ್ಲಿ ಎರಡು ವರ್ಷ ಹತ್ತನೆಯವರಿಗೆ ಪಾಠ ಹೇಳಿ, ಆಮೇಲೆ ದಯಾನಂದರ ಲ್ಯಾಬಿಗೆ ಬಂದರು. ಬಂದ ವರ್ಷ ಅವರಿಗೆ ಸಿಕ್ಕ ಕೆಲಸ ಬಾಟಲಿ ತೊಳೆಯುವುದು.

ಪರೀಕ್ಷಾ ಲ್ಯಾಬುಗಳಲ್ಲಿ ಮಷಿನ್ ಯಾರು ಬೇಕಾದರೂ ನಡೆಸಬಹುದು. ವರದಿಯ ಕೆಳಗೆ ಸಹಿ ಹಾಕುವ ಅಧಿಕಾರ ಮಾತ್ರ ಒಬ್ಬಿಬ್ಬರಿಗೆ. ಹೊರಗಿನ ತಪಾಸಣೆಯವರು ಬಂದು ಕೂತು, ಪ್ರಶ್ನೆ ಕೇಳಿ, ಕೆಲಸ ಮಾಡಿಸಿ ನೋಡಿ ಆ ಹೆಸರನ್ನು ಒಪ್ಪಬೇಕು. ಆ ಸಹಿ ಇದ್ದ ಕಾಗದಕ್ಕೆ ಕೋರ್ಟಿನಲ್ಲಿ ಬೆಲೆಯಿದೆ, ಇಲ್ಲದ್ದು ಬರೀ ಕಾಗದ. ಅಕ್ಕುವಿಗೆ ಆ ಅಧಿಕಾರ ಸಿಗಲು ಏಳು ವರ್ಷ ಹಿಡಿಯಿತು. ಮೊದಲ ಸಹಿಯ ವರದಿಯನ್ನು ತಂದೆಗೆ ತೋರಿಸಿದಾಗ ಅವರು, “ಇದರ ಮೇಲೆ ಇನ್ನು ಯಾರದ್ದೆಲ್ಲ ಸಹಿ ಬೀಳ್ಬೇಕು?” ಎಂದು ಕೇಳಿದರಂತೆ. “ಯಾರದ್ದೂ ಇಲ್ಲ,” ಎಂದರಂತೆ ಇವರು. ಅಕ್ಕುವಿನ ಬದುಕಿನಲ್ಲಿ ಅವರದೇ ಎನ್ನಬಹುದಾಗಿದ್ದದ್ದು ಅದೊಂದೇ. ಡೊಂಬಿವಲಿಯಲ್ಲಿ ಬಾಡಿಗೆ ಮನೆ, ಮನೆಯಲ್ಲಿ ಕಣ್ಣು ಮಂಜಾದ ತಾಯಿ. ಉಳಿದದ್ದೆಲ್ಲ ಆ ಸಹಿ.

ಅದನ್ನು ಅವರು ಕಾಯುತ್ತಿದ್ದ ರೀತಿ ನಮಗೆಲ್ಲ ಹಿಂಸೆ. ಸ್ಯಾಂಪಲ್ ತೆಗೆಯಲು ಹೋದಾಗ ಲ್ಯಾಬಿನಿಂದಲೇ ಒಂದು ಬಾಟಲಿ ಶುದ್ಧ ನೀರು ಒಯ್ಯಬೇಕು. ಬಾವಿಯ ಹತ್ತಿರ ಅದನ್ನು ತೆರೆದು, ಬಾವಿ ನೀರಿಗೆ ಹಾಕಿದಷ್ಟೇ ಹನಿ ನೈಟ್ರಿಕ್ ಆಮ್ಲ ಅದಕ್ಕೂ ಹಾಕಿ, ಮುಚ್ಚಿ ತರಬೇಕು. ಲೋಹಗಳು ಬಾಟಲಿಯ ಗೋಡೆಗೆ ಅಂಟದಿರಲಿ ಎಂದು ಹಾಕುವ ಆಮ್ಲ ಅದು. ಈ ಶುದ್ಧ ನೀರಿನ ಬಾಟಲಿಗೆ ಬ್ಲ್ಯಾಂಕ್ ಎನ್ನುತ್ತೇವೆ. ಬ್ಲ್ಯಾಂಕಿನಲ್ಲಿ ಏನಾದರೂ ಸಿಕ್ಕಿದರೆ ಅದು ಬಾವಿಯದಲ್ಲ, ನಮ್ಮದು. ಮಷಿನಿಗೆ ಮೊದಲು ಬ್ಲ್ಯಾಂಕ್, ಆಮೇಲೆ ಬಾವಿ. ಇದು ಅಕ್ಕುವಿನ ಕಾನೂನು. ಒಮ್ಮೆ ಬ್ಲ್ಯಾಂಕ್ ಒಯ್ಯಲು ಮರೆತ ಹುಡುಗಿಯನ್ನು ಪನವೇಲಿನ ಆಚೆಗೆ ಮತ್ತೆ ಕಳಿಸಿದ್ದರು, ಅವಳು ಅತ್ತುಕೊಂಡು ಹೋಗಿ ಬಂದಿದ್ದಳು.

2008ರ ಖಂಡೆನವಮಿ, ಆಯುಧಪೂಜೆಯ ದಿನ, ಬುಧವಾರ ಬಂತು. ಲ್ಯಾಬಿನ ಒಳಗೆ ಪೂಜೆ ಕೂಡದು, ಕೆಳಗಿನ ಆಫೀಸಿನಲ್ಲಿ ಏನು ಬೇಕಾದರೂ ಮಾಡಿಕೊಳ್ಳಿ ಎಂಬುದು ಅವರ ಇನ್ನೊಂದು ಕಾನೂನು. ಆ ದಿನ ತಾಯಿಯ ಕಣ್ಣಿನ ಆಪರೇಷನ್ ಎಂದು ಅವರು ರಜೆಯಲ್ಲಿದ್ದರು. ದಯಾನಂದ ಹೂವಿನ ಬುಟ್ಟಿ ಹಿಡಿದು ಮೇಲೆಯೇ ಬಂದರು.

“ಮಷಿನ್ ನನ್ನದು, ದೇವರು ಎಲ್ಲರದ್ದು. ಅಕ್ಕುವಿನದ್ದು ಕೋಪ ಮಾತ್ರ. ಹಚ್ಚಿ ಹಚ್ಚಿ.”

ಮಷಿನುಗಳಿಗೆ ಚೆಂಡು ಹೂವಿನ ಮಾಲೆ ಬಿತ್ತು, ಬಾಗಿಲಿಗೆ ಕುಂಕುಮ ಬಿತ್ತು. ನಮ್ಮದು ಬೀರಪ್ಪನ ಒಕ್ಕಲು. ಊರಿಂದ ಬರುವಾಗ ಗುಡಿಯ ಮುಂದಿನ ಅಂಗಡಿಯಲ್ಲಿ ಕೊಂಡ ಭಂಡಾರದ, ಎಂದರೆ ದೇವರ ಅರಿಸಿನದ, ಪೊಟ್ಟಣ ನನ್ನ ಚೀಲದಲ್ಲಿತ್ತು. ಮಷಿನು ಮುಟ್ಟಬಾರದೆಂದು ನನಗೆ ಬುದ್ಧಿಯಿತ್ತು. ಆದರೆ ನನ್ನ ಆಯುಧ ಮಷಿನಲ್ಲ, ಸ್ಯಾಂಪಲ್ ತೆಗೆಯುವ ಚೀಲ. ಪಂಪಿಗೆ ಒಂದು ಚಿಟಿಕೆ, ಐಸ್ ಪೆಟ್ಟಿಗೆಗೆ ಒಂದು ಚಿಟಿಕೆ, ದಿನವೂ ಕೈಯಲ್ಲಿರುವ ಆಮ್ಲದ ಹನಿಬಾಟಲಿಯ ಮುಚ್ಚಳಕ್ಕೆ ಒಂದು ದೊಡ್ಡ ಚಿಟಿಕೆ ಹಚ್ಚಿ ಕೈಮುಗಿದೆ.

ಹಬ್ಬ ಮುಗಿದ ಮೇಲೆ ಶುಕ್ರವಾರ ಬೆಳಿಗ್ಗೆ ಬಂದ ಅಕ್ಕು ಹೂವನ್ನೆಲ್ಲ ಕಸದ ಬುಟ್ಟಿಗೆ ಹಾಕಿ, ಒಂದೊಂದು ಮಷಿನನ್ನೂ ಎರಡೆರಡು ಸಲ ಒರೆಸಿದರು. “ನಿಮ್ಮ ದೇವರಿಗೆ ಹೇಳಿ, ಅವನ ಅಂಗಡಿಗೆ ನಾನು ನೈಟ್ರಿಕ್ ತಗೊಂಡು ಹೋಗೂದಿಲ್ಲ, ಅವನೂ ಇಲ್ಲಿಗೆ ಬರೂದು ಬೇಡ,” ಎಂದರು. ಅಷ್ಟು ಹೊತ್ತಿಗೆ ಸ್ಯಾಂಪಲ್ ಚೀಲ ನನ್ನ ಜೊತೆ ಜೀಪಿನಲ್ಲಿತ್ತು.

ಜೀಪು ಹೊರಟದ್ದು ಡೊಂಬಿವಲಿ ಪೂರ್ವಕ್ಕೆ, ಗಜಲಕ್ಷ್ಮಿ ಹೌಸಿಂಗ್ ಸೊಸೈಟಿಗೆ. ನಾಲ್ಕು ಕಟ್ಟಡ, ಎರಡು ಬೋರ್‌ವೆಲ್, ಗಣಪತಿ ಗುಡಿಯ ಪಕ್ಕ ಒಂದು ತೆರೆದ ಬಾವಿ. ಹಿಂದಿನ ಗೋಡೆಯಾಚೆ ಬಟ್ಟೆಗೆ ಬಣ್ಣ ಹಾಕುವ ಸಣ್ಣ ಕಾರ್ಖಾನೆ, ಅದರ ಕೊಳೆ ಬಾವಿಗೆ ಇಳಿಯುತ್ತಿದೆ ಎಂಬುದು ಸೊಸೈಟಿಯವರ ಗುಮಾನಿ. ಸೊಸೈಟಿಯ ಕಾರ್ಯದರ್ಶಿ ಶಿವಪುತ್ರಪ್ಪ, ಬಾಗಲಕೋಟೆ ಕಡೆಯ ಸೀರೆ ವ್ಯಾಪಾರಿ. ಅಕ್ಕುವಿನ ಮನೆ ಅಲ್ಲಿಂದ ಎರಡು ಗಲ್ಲಿ ಆಚೆ, ಸ್ಟೇಷನ್ನಿಗೆ ಹೋಗುವಾಗ ಆ ಗೇಟಿನ ಮುಂದೆಯೇ ಹಾಯಬೇಕು. ನಾನು ಮೂರು ಬಾವಿಯ ಮೂರು ಬಾಟಲಿ, ಒಂದು ಬ್ಲ್ಯಾಂಕ್, ಎಲ್ಲಕ್ಕೂ ಲೆಕ್ಕದ ಹನಿ ಹಾಕಿ ತಂದೆ.

ಶನಿವಾರ ಬೆಳಿಗ್ಗೆ ಶಿವಪುತ್ರಪ್ಪ ಎಂಟು ಜನರೊಂದಿಗೆ ಲ್ಯಾಬಿಗೆ ಬಂದು ಮೆಟ್ಟಿಲ ಮೇಲೆ ಕೂತರು. ಮಧ್ಯಾಹ್ನ ಒಂದಕ್ಕೆ ನಗರಪಾಲಿಕೆಯಲ್ಲಿ ಅವರ ಭೇಟಿ ನಿಗದಿಯಾಗಿತ್ತು, ವರದಿ ಕೈಯಲ್ಲಿ ಬೇಕಿತ್ತು.

“ಮೇಡಂ, ನೀರ ಕುದಸಾಕತ್ತೀರೇನ್ ಒಳಗ? ಇಷ್ಟೊತ್ತ?” ಎಂದು ಶಿವಪುತ್ರಪ್ಪ ಬಾಗಿಲಲ್ಲಿ ಕೂಗಿದರು.

“ನೀವು ಇಪ್ಪತ್ತು ವರ್ಷ ಕುಡಿದ ನೀರು. ಇನ್ನೊಂದು ಗಂಟೆ ಕಾದರೆ ಸಾಯೂದಿಲ್ಲ,” ಎಂದರು ಅಕ್ಕು.

ದಯಾನಂದ ಕೆಳಗಿಂದ ಮೂರು ಸಲ ಬಂದು ಹೋದರು. ಬಾವಿಯ ಬಾಟಲಿಗಳು ಮೊದಲ ತಟ್ಟೆಯಲ್ಲಿದ್ದವು, ಬ್ಲ್ಯಾಂಕ್ ಎರಡನೆಯ ತಟ್ಟೆಯ ಕೊನೆಗೆ ಹೋಗಿತ್ತು. ತಟ್ಟೆ ಬದಲಿಸಬೇಕಾದರೆ ಮಷಿನನ್ನು ಮತ್ತೆ ಸಮಮಾಡಬೇಕು, ಅದಕ್ಕೆ ಮುಕ್ಕಾಲು ಗಂಟೆ. “ಆಮೇಲೆ ನೋಡುವ,” ಎಂದ ಅಕ್ಕುವಿನ ಮಾತು ನನ್ನ ಕಿವಿಗೆ ಬಿತ್ತು. ಆ ಬಾಯಿಂದ ಆ ಮಾತು ಅದಕ್ಕೆ ಮೊದಲು ನಾನು ಕೇಳಿರಲಿಲ್ಲ. ಮೂರು ಬಾವಿಯಲ್ಲೂ ಸೀಸ, ಮಿತಿಯ ಆರು ಪಟ್ಟು. ಕ್ರೋಮಿಯಂ ಮಿತಿಯ ಒಂದೂವರೆ ಪಟ್ಟು. ಹನ್ನೆರಡೂ ಇಪ್ಪತ್ತಕ್ಕೆ ಅವರು ಸಹಿ ಹಾಕಿದರು.

ಮುಂದಿನದು ಬೇಗ ಬೇಗ ನಡೆಯಿತು. ಸೊಸೈಟಿಯವರು ವರದಿಯ ನಕಲನ್ನು ಗೇಟಿಗೆ ಅಂಟಿಸಿದರು, ಮೋರ್ಚಾ ತೆಗೆದರು. ಬಣ್ಣದ ಕಾರ್ಖಾನೆಗೆ ಬೀಗ ಬಿತ್ತು, ಹದಿನಾಲ್ಕು ಜನ ಕೆಲಸಗಾರರು ಮನೆಗೆ ಹೋದರು. ಬಾವಿಗಳಿಗೆ ಕೆಂಪು ಬಣ್ಣ ಬಳಿದರು. ಇಪ್ಪತ್ತು ವರ್ಷದ ಅರ್ಜಿಗಳಿಗೆ ಉತ್ತರ ಕೊಡದ ನಗರಪಾಲಿಕೆ, ದೊಡ್ಡ ಪೈಪಿನ ನೀರು ಕೊಡುತ್ತೇವೆಂದು ಬರೆದುಕೊಟ್ಟಿತು. ಅಕ್ಕು ಸ್ಟೇಷನ್ನಿಗೆ ಹೋಗುವಾಗ ಗೇಟಿನಲ್ಲಿದ್ದವರು ಎದ್ದು ನಿಂತು ನಮಸ್ಕರಿಸುತ್ತಿದ್ದರಂತೆ. ಅದು ಹನ್ನೆರಡು ದಿನ ನಡೆಯಿತು.

ಹದಿಮೂರನೆಯ ದಿನ, ಕಡತ ಮುಚ್ಚುವ ಮೊದಲು, ಅಕ್ಕು ಆ ಬ್ಲ್ಯಾಂಕ್ ಅನ್ನು ಮಷಿನಿಗೆ ಕೊಟ್ಟರು. ಅರ್ಧ ಗಂಟೆಯ ನಂತರ ನನ್ನನ್ನು ಕರೆದರು. ಮೇಜಿನ ಮೇಲೆ ಒಂದು ಹಾಳೆ, ಹಾಳೆಯ ಮೇಲೆ ನಾಲ್ಕು ಸಾಲು ಅಂಕಿ.

“ಓದು ಧಾರವಾಡ.”

ಓದಿದೆ. ಮೂರು ಬಾವಿ, ಒಂದು ಬ್ಲ್ಯಾಂಕ್. ನಾಲ್ಕರಲ್ಲೂ ಸೀಸ ಹೆಚ್ಚುಕಡಿಮೆ ಒಂದೇ.

“ಎಂತ ಕಾಣ್ತದೆ?”

“ಬ್ಲ್ಯಾಂಕ್ ಹೊಲಸಾಗೇತ್ರಿ.”

“ಅದು ಕುರುಡನಿಗೂ ಕಾಣ್ತದೆ. ಆ ದಿನ ನನಗೆ ಕಾಣದ್ದು ಬೇರೆ ಉಂಟು. ಮೂರು ಬಾವಿ. ಒಂದು ನಲವತ್ತು ಅಡಿ, ಒಂದು ನೂರೈವತ್ತು, ಒಂದು ಇನ್ನೂರರ ಮೇಲೆ. ಉಪ್ಪು ಬೇರೆ, ಸುಣ್ಣ ಬೇರೆ, ಕಬ್ಬಿಣ ಬೇರೆ. ಸೀಸ ಮಾತ್ರ ಮೂರರಲ್ಲೂ ಅಳೆದು ಹಂಚಿದ ಹಾಗೆ. ಯಾವ ಬಂಡೆ ಇಷ್ಟು ನ್ಯಾಯವಂತ? ಕ್ರೋಮಿಯಂನಿಂದ ಸೀಸವನ್ನು ಭಾಗಿಸು.”

ಭಾಗಿಸಿದೆ. ನಾಲ್ಕು ಬಂತು. ನಾಲ್ಕು ಸಾಲಿನಲ್ಲೂ ನಾಲ್ಕು.

“ಸೀಸ ನಾಲ್ಕು ಪಾಲು, ಕ್ರೋಮಿಯಂ ಒಂದು ಪಾಲು ಇರುವ ಹಳದಿ ಬಣ್ಣ ಒಂದು ಉಂಟು. ರಸ್ತೆ ಮೇಲಿನ ಹಳದಿ ಪಟ್ಟೆಗೆ ಹಾಕ್ತಿದ್ದರು. ಅಗ್ಗದ ಅರಿಸಿನಕ್ಕೆ ಹೊಳಪು ಬರ್ಲಿ ಅಂತ ಕಳ್ಳರು ಬೆರೆಸ್ತಾರೆ. ನೀರಿಗೆ ಕರಗೂದಿಲ್ಲ, ನೈಟ್ರಿಕ್‌ಗೆ ಕರಗ್ತದೆ.” ಅವರು ಹನಿಬಾಟಲಿಯನ್ನು ಮೇಜಿನ ಮೇಲಿಟ್ಟು ಮುಚ್ಚಳ ತಿರುಗಿಸಿದರು. ಮುಚ್ಚಳದ ಸುರುಳಿಯೊಳಗೆ ಹಳದಿ ಗೆರೆ. “ಯಾರು?”

“ನಾನ ರೀ. ಖಂಡೆನವಮಿಗೆ ಭಂಡಾರ ಹಚ್ಚಿದ್ದೆ.”

ಬೈಗುಳಕ್ಕೆ ಕಾದೆ. ಅವರು ಉಳಿದ ಭಂಡಾರ ತರಿಸಿ, ಕರಗಿಸಿ, ಅಳೆದು, ಅಲ್ಲೂ ಅದೇ ನಾಲ್ಕು ಬಂದದ್ದನ್ನು ಬರೆದುಕೊಂಡರು. ಅದಾದ ಮೇಲೆ ಹೇಳಿದರು:

“ನಿನ್ನ ಹೆಸರು ಎಲ್ಲೂ ಬರೆಯೂದಿಲ್ಲ. ದಯೆ ಅಂತ ತಿಳಿಬೇಡ. ನೀನು ಕೊಳಕು ಮಾಡಿದೆ, ಅಷ್ಟೇ. ಕೊಳಕು ಯಾರು ಬೇಕಾದ್ರೂ ಮಾಡ್ತಾರೆ, ನಾಯಿಯೂ ಮಾಡ್ತದೆ. ಅದಕ್ಕೇ ಬ್ಲ್ಯಾಂಕ್ ಇರೂದು. ತಪ್ಪು ಸಹಿ ಹಾಕಿದವಳದ್ದು. ತಪ್ಪು ಮಾಡ್ಲಿಕ್ಕೂ ಒಂದು ಯೋಗ್ಯತೆ ಬೇಕು, ಅದು ನಿನಗಿನ್ನೂ ಬಂದಿಲ್ಲ. ಹೋಗು.”

ದಯಾನಂದರೊಂದಿಗೆ ಆದ ಜಗಳ ರಟ್ಟಿನ ಕಾರ್ಖಾನೆಯವರಿಗೂ ಕೇಳಿಸಿತು.

“ಅಕ್ಕೂ, ನಿನಗೆ ತಲೆ ಸರಿ ಉಂಟಾ? ವರದಿ ವಾಪಸ್ ತಗೊಳ್ಳಿಕ್ಕೆ ಕೇಳಿದವರು ಯಾರು?”

“ಯಾರೂ ಕೇಳ್ಲಿಲ್ಲ.”

“ಮತ್ತೆ? ಮುಂದಿನ ತಿಂಗಳು ಇನ್ನೊಂದು ಸ್ಯಾಂಪಲ್ ತೆಗೆಯುವ. ಕ್ಲೀನ್ ಬರ್ತದೆ. ಫ್ಯಾಕ್ಟರಿ ಬಂದ್ ಆದ ಮೇಲೆ ಸರಿ ಆಯ್ತು ಅಂತ ಬರೆಯುವ. ಎಲ್ಲರಿಗೂ ಖುಷಿ.”

“ನಲವತ್ತು ಅಡಿಯಿಂದ ಇನ್ನೂರು ಅಡಿವರೆಗಿನ ಸೀಸ ಒಂದೇ ತಿಂಗಳಲ್ಲಿ ಎಲ್ಲಿಗೆ ಹೋಯ್ತು ಅಂತ ಬರೆಯೂದು? ರೈಲು ಹತ್ತಿ?”

“ನೀನು ಜಿಯೋಕೆಮಿಸ್ಟ್ ಅಲ್ವಾ, ಹುಡುಕು ಏನಾದರೂ.”

“ಆ ಫ್ಯಾಕ್ಟರಿಯ ಬೀಗ ನನ್ನ ಸಹಿಯಿಂದ ಬಿದ್ದದ್ದು.”

“ಅವನೇನು ಸಾಧುವಾ ಮಾರಾಯ್ತಿ? ಮೋರಿಗೆ ಬಣ್ಣ ಬಿಡೂದನ್ನು ಊರೆಲ್ಲ ನೋಡಿದ್ದಾರೆ.”

“ಕಳ್ಳನೇ ಇರಬಹುದು. ಈ ಕಳವು ಅವನದ್ದಲ್ಲ.”

ದಯಾನಂದ ದನಿ ತಗ್ಗಿಸಿದರು, ಬಾಗಿಲ ಹೊರಗಿದ್ದ ನನಗೆ ಅದೂ ಕೇಳಿಸಿತು. “ಡಿಸೆಂಬರಿಗೆ ತಪಾಸಣೆಯವರು ಬರ್ತಾರೆ. ಬ್ಲ್ಯಾಂಕ್ ನೋಡದೆ ಸಹಿ ಹಾಕಿದವಳು ಅಂತ ನೀನೇ ಬರೆದುಕೊಟ್ಟ ಮೇಲೆ ನಿನ್ನ ಹೆಸರನ್ನು ನಾನು ಅವರ ಮುಂದೆ ಹೇಗೆ ಇಡ್ಲಿ? ಸಹಿ ಹೋಗ್ತದೆ, ಅಕ್ಕು. ಲ್ಯಾಬ್ ಉಳಿಸ್ಲಿಕ್ಕೆ ನಾನೇ ತೆಗೀಬೇಕಾಗ್ತದೆ. ನಿನ್ನ ಅಪ್ಪನ ಮುಖ ನೋಡಿ ಹೇಳ್ತಾ ಇದ್ದೇನೆ.”

“ಅಪ್ಪನ ಮುಖಕ್ಕೆ ನೀವು ಬಾಟಲಿ ತೊಳೆಯುವ ಕೆಲಸ ಕೊಟ್ಟದ್ದು. ಸಹಿ ನಾನು ತಗೊಂಡದ್ದು,” ಎಂದು ಹೇಳಿ ಅಕ್ಕು ಹೊರಗೆ ಬಂದರು. ಆ ಮಧ್ಯಾಹ್ನ ಅವರು ಊಟ ಮಾಡಲಿಲ್ಲ. ಬೀಗ ಹಾಕಿದ ಕಪಾಟಿನಿಂದ ಹಳೆಯ ವರದಿಗಳ ಕಡತ ತೆಗೆದು, ಸಹಿ ಹಾಕಿದ ಪುಟಗಳನ್ನಷ್ಟೇ ತಿರುವಿ ನೋಡಿ ಮತ್ತೆ ಒಳಗಿಟ್ಟರು. ಮೂರು ಗಂಟೆಗೆ ಟೈಪ್ ಮಾಡಲು ಕೂತರು. ಪತ್ರ ಎಂಟು ಸಾಲಿನದು: ಆಮ್ಲ ಕಲುಷಿತವಾಗಿತ್ತು, ಬ್ಲ್ಯಾಂಕ್ ಪರೀಕ್ಷಿಸದೆ ನಾನು ಸಹಿ ಹಾಕಿದೆ, ವರದಿಯನ್ನು ಹಿಂತೆಗೆದುಕೊಂಡಿದ್ದೇನೆ, ಮರುಪರೀಕ್ಷೆ ಮಾಡಲಾಗುವುದು. ನಗರಪಾಲಿಕೆಗೆ, ಕಾರ್ಖಾನೆಗೆ, ಸೊಸೈಟಿಗೆ ಒಂದೊಂದು ಪ್ರತಿ. ಸೊಸೈಟಿಯ ಪ್ರತಿಯನ್ನು ಅಂಚೆಗೆ ಹಾಕಲಿಲ್ಲ. ಮರುದಿನ ಹೊಸ ಬಾಟಲಿ, ಹೊಸ ಆಮ್ಲ ಹಿಡಿದು, ನನ್ನನ್ನೂ ಕರೆದುಕೊಂಡು, ಅವರೇ ಒಯ್ದರು.

ಶಿವಪುತ್ರಪ್ಪ ಗೇಟಿನ ಹತ್ತಿರದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಪತ್ರ ಓದಿದರು. ಎರಡನೆಯ ಸಲ ಓದುವಾಗ ಸುತ್ತ ಹತ್ತಿಪ್ಪತ್ತು ಜನ ಸೇರಿದ್ದರು.

“ಫ್ಯಾಕ್ಟರಿಯಾಂವ ಏನ್ ತಿನಿಸ್ಯಾನ್ರಿ ಮೇಡಂ?”

“ನಿಮ್ಮ ಬಾವಿಯಲ್ಲಿ ಸೀಸ ಇತ್ತು ಅಂದದ್ದು ತಪ್ಪು ಅಂತ ಹೇಳ್ಲಿಕ್ಕೆ ಬಂದದ್ದು. ನೀವು ಖುಷಿ ಪಡಬೇಕು.”

“ಖುಷಿ? ಇಪ್ಪತ್ತ ವರ್ಷ ಅರ್ಜಿ ಕೊಟ್ಟೀವಿ, ಒಬ್ಬ ಸೂಳೆಮಗ ತಿರುಗಿ ನೋಡಲಿಲ್ಲ. ನಿಮ್ಮ ಈ ಒಂದ ಹಾಳಿ ನೋಡಿ ಪೈಪ್ ಕೊಡ್ತೀವಿ ಅಂದಾರ. ಈಗ ಆ ಹಾಳಿ ಸುಳ್ಳಂತೀರಿ.”

“ಸುಳ್ಳಲ್ಲ. ತಪ್ಪು.”

“ನಮಗ ಎರಡೂ ಒಂದ ರೀ.”

ಮೊದಲ ಮಹಡಿಯಿಂದ ಅವರ ಹೆಂಡತಿ ರತ್ನಾಬಾಯಿ ಬಗ್ಗಿ ಕೂಗಿದರು. “ಹದಿನೈದ ದಿನಾ ಆತು, ಚಹಾಕ್ಕೂ ಬಾಟ್ಲಿ ನೀರ ಹಾಕಾಕತ್ತೀನಿ! ಅಣಾ ಪಾಣಿ, ಅಣಾ ಪಾಣಿ, ನೀರ ತರ್ರಿ ಅಂತ ದಿನಾ ಬಡಕೊಂಡೀನಿ. ಆಕೀಗೆ ಈ ಬಾವೀ ನೀರ ಕುಡಸ್ರೀ ಮೊದಲ!”

ನೆರೆದವರಿಗೆ ಅದು ಹಿಡಿಸಿತು. ಯಾರೋ ತೆರೆದ ಬಾವಿಯಿಂದ ಕೊಡ ಸೇದಿ ತಂದರು. ಇನ್ನೊಬ್ಬ ಸ್ಟೀಲ್ ಲೋಟ ತಂದ. “ಪ್ಯಾ, ಮ್ಯಾಡಂ, ಪ್ಯಾ,” ಕುಡಿಯಿರಿ ಎಂದು ಹಿಂದಿನಿಂದ ಹುಡುಗರು ಮರಾಠಿಯಲ್ಲಿ ಕೂಗಿದರು. ಅಕ್ಕು ಲೋಟ ನೋಡಿದರು, ಕೊಡ ನೋಡಿದರು.

“ಸೀಸ ಇಲ್ಲ ಅಂತ ನಾನಿನ್ನೂ ಹೇಳ್ಲಿಲ್ಲ. ಇದೆ ಅಂದದ್ದು ತಪ್ಪು ಅಂದೆ, ಅಷ್ಟೇ. ಇಲ್ಲ ಅನ್ಲಿಕ್ಕೆ ಸ್ಯಾಂಪಲ್ ಬೇಕು. ಸ್ಯಾಂಪಲ್ ಇಲ್ಲದೆ ನಾನು ಕುಡಿಯೂದಿಲ್ಲ, ನೀವೂ ಕುಡಿಬೇಡಿ. ದಾರಿ ಬಿಡಿ.”

ಬಿಡಲಿಲ್ಲ. ಲೋಟದ ನೀರು ಅವರ ಮುಖಕ್ಕೂ ಕೈಗೂ ಬಿತ್ತು. ಎರಚಿದವರು ಯಾರೆಂದು ನಾನು ನೋಡಿದೆ, ಹೆಸರು ಬರೆಯುವುದಿಲ್ಲ. ಅಕ್ಕು ಮುಖ ಒರೆಸಿಕೊಳ್ಳಲಿಲ್ಲ. ಒದ್ದೆ ಕೈಯಿಂದ ಬಾಟಲಿ ಮುಟ್ಟುವಂತಿಲ್ಲ ಎಂದು ನನಗೆ ಹೇಳಿ, ಎರಡೂ ಕೈ ಹಿಂ‌ದೆ ಕಟ್ಟಿ ನಿಂತರು. ಆ ದಿನದ ಮೂರು ಸ್ಯಾಂಪಲ್‌ಗಳನ್ನೂ ಬ್ಲ್ಯಾಂಕ್ ಅನ್ನೂ ತುಂಬಿಸಿದ್ದು ನಾನು. ಹತ್ತಿರ ನಿಂತು ಒಂದೊಂದು ಹನಿಯನ್ನೂ ಅವರು ಎಣಿಸಿದರು. ಜನ ಬೈಯುತ್ತಲೇ ಇದ್ದರು.

ಮರುಪರೀಕ್ಷೆಯಲ್ಲಿ ಬ್ಲ್ಯಾಂಕ್ ಶುದ್ಧವಿತ್ತು. ಬಾವಿಗಳಲ್ಲಿ ಸೀಸವಿರಲಿಲ್ಲ, ಕ್ರೋಮಿಯಂ ಇರಲಿಲ್ಲ. ಉಪ್ಪು, ಸುಣ್ಣ, ಕಬ್ಬಿಣ ಇತ್ತು, ಡೊಂಬಿವಲಿಯ ಯಾವ ಬಾವಿಯಲ್ಲೂ ಇರುವಷ್ಟು. ನಗರಪಾಲಿಕೆ ಪೈಪಿನ ಕೆಲಸವನ್ನು ಮುಂದಕ್ಕೆ ಹಾಕಿತು. ಕಾರ್ಖಾನೆಯ ಬೀಗ ತೆಗೆದರು. ಅದರ ಮಾಲೀಕ ಧನ್ಯವಾದ ಹೇಳಲಿಲ್ಲ, ವಕೀಲರ ನೋಟಿಸ್ ಕಳಿಸಿದ. ಅವನ ಕೆಲಸಗಾರರಲ್ಲಿ ಮೂವರು ಅಷ್ಟರಲ್ಲಿ ಬೇರೆ ಕಡೆ ಹೋಗಿದ್ದರು. ಗಜಲಕ್ಷ್ಮಿಯ ಗೇಟಿನಲ್ಲಿ ಅಕ್ಕು ‘ಶೀಶಾ ಮ್ಯಾಡಂ’, ಸೀಸದ ಮೇಡಂ, ಆದರು. ಅವರ ತಾಯಿ ತರಕಾರಿಗೆ ಹೋದಾಗಲೂ ಆ ಕೂಗು ಕೇಳುತ್ತಿತ್ತು. ಸ್ಟೇಷನ್ನಿಗೆ ಸುತ್ತುಹಾದಿ ಇತ್ತು, ಹತ್ತು ನಿಮಿಷ ಹೆಚ್ಚು. ಅಕ್ಕು ಅದನ್ನು ಹಿಡಿಯಲಿಲ್ಲ.

ಡಿಸೆಂಬರ್ ಒಂದರಂದು ಅವರ ಸಹಿಯ ಅಧಿಕಾರ ರದ್ದಾಯಿತು. ಆದೇಶ ಒಂದೇ ಸಾಲಿನದು, ದಯಾನಂದ ಬರೆದದ್ದು. ಅಕ್ಕು ಲ್ಯಾಬ್ ಬಿಡಲಿಲ್ಲ. ವಾಶಿ, ಐರೋಳಿ, ಕಲ್ಯಾಣದ ಬೇರೆ ಲ್ಯಾಬುಗಳಲ್ಲಿ ವಿಚಾರಿಸಿದರು, ಹಿಂತೆಗೆದ ವರದಿಯ ಸುದ್ದಿ ಅವರಿಗಿಂತ ಮೊದಲೇ ಅಲ್ಲಿಗೆ ತಲುಪಿತ್ತು. ಎರಡು ವರ್ಷ ಅವರು ಮಷಿನ್ ನಡೆಸಿದರು, ಬೇರೆಯವರು ಸಹಿ ಹಾಕಿದರು.

2010ರ ಕೊನೆಗೆ ದಯಾನಂದ ನನ್ನನ್ನು ಕರೆದು ಸಹಿಗೆ ನನ್ನ ಹೆಸರು ಕಳಿಸುತ್ತೇನೆಂದರು. ನಾನು ಬೇಡವೆನ್ನಲಿಲ್ಲ. ನಮ್ಮ ಮನೆತನದಲ್ಲಿ ಕಾಲೇಜು ಮೆಟ್ಟಿಲು ಹತ್ತಿದವನು ನಾನೊಬ್ಬನೇ, ತಂಗಿಯ ಓದು ನನ್ನ ಮೇಲಿತ್ತು. ಈ ಕಾರಣಗಳು ನಿಜ, ಆದರೆ ಅವು ಇಲ್ಲದಿದ್ದರೂ ನಾನು ಒಪ್ಪಿಕೊಳ್ಳುತ್ತಿದ್ದೆ. ತಪಾಸಣೆಯವರು ಬಂದ ದಿನ ಬ್ಲ್ಯಾಂಕಿನ ಬಗ್ಗೆ ಕೇಳಿದರು. ಅಕ್ಕು ಕಲಿಸಿದ್ದನ್ನೇ ಒಂದಕ್ಷರ ಬಿಡದೆ ಹೇಳಿದೆ. ಅವರು ಪಕ್ಕದ ಕೋಣೆಯಲ್ಲಿ ಮಷಿನಿನ ಮುಂದೆ ಇದ್ದರು, ಬಾಗಿಲು ತೆರೆದಿತ್ತು.

ನನ್ನ ಸಹಿಗೆ ಬಂದ ಮೊದಲ ವರದಿಯ ಅಂಕಿಗಳು ಅಕ್ಕು ತೆಗೆದವು. ಕಾಗದ ತಂದು ಮೇಜಿನ ಮೇಲಿಟ್ಟರು.

“ಬ್ಲ್ಯಾಂಕ್ ನೋಡಿದ್ಯಾ?”

“ನೋಡೀನ್ರಿ ಮೇಡಂ.”

“ಸುಳ್ಳು. ಹಾಳೆ ಇನ್ನೂ ನನ್ನ ಕೈಯಲ್ಲಿ ಉಂಟು.” ಆ ಹಾಳೆಯನ್ನು ವರದಿಯ ಮೇಲೆ ಎಸೆದರು. “ಈಗ ನಿನಗೆ ಯೋಗ್ಯತೆ ಬಂತು, ಧಾರವಾಡ.”

ಆ ತಿಂಗಳ ಕೊನೆಗೆ ಅವರು ಲ್ಯಾಬ್ ಬಿಟ್ಟರು. ಬೀಳ್ಕೊಡುಗೆ ಮಾಡೋಣವೆಂದು ದಯಾನಂದ ಸಮೋಸ ತರಿಸಿದ್ದರು. ಅಕ್ಕು ಟೋಪಿ ತೆಗೆದು ಮೊಳೆಗೆ ಹಾಕಿ, ಕೆಳಗಿಳಿದು ಹೋದರು. ಸಮೋಸವನ್ನು ನಾವು ತಿಂದೆವು. ಅಲ್ಲಿಂದೀಚೆಗೆ ನಾನು ಎರಡು ಸಲ ಫೋನ್ ಮಾಡಿದ್ದೇನೆ. ಒಮ್ಮೆ ಅವರು ಎತ್ತಲಿಲ್ಲ. ಇನ್ನೊಮ್ಮೆ ಎತ್ತಿ, ಯಾರೆಂದು ತಿಳಿದು ಇಟ್ಟರು.

ಅಕ್ಕು ಸಾಲಿಯಾನ್ ಈಗ ತಳೋಜಾದ ಒಂದು ಕಾಂಕ್ರೀಟ್ ಕಾರ್ಖಾನೆಯಲ್ಲಿ, ಲಾರಿಯಲ್ಲಿ ಬರುವ ಮರಳಿನಲ್ಲಿ ಉಪ್ಪು ಎಷ್ಟಿದೆ ಎಂದು ಅಳೆಯುತ್ತಾರೆ. ವರದಿಗೆ ಸಹಿ ಹಾಕುವವರು ಬೇರೆ.